ಫೀಸು, ಊಟ, ಸಾಲ, ಮನಸ್ಸು: ಮೈಸೂರು–ಮಂಡ್ಯದ ಕಾಲೇಜು ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುವವರ ಟೇಬಲ್ಲಿಗೆ ಎರಡು ಥರದ ಪ್ರಶ್ನೆಗಳು ಬರುತ್ತವೆ. ಎಲ್ಲರ ಎದುರಿಗೆ ಕೇಳುವಂಥವು ಕೆಲವು. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುವಂಥವು ಇನ್ನು ಕೆಲವು. ಇಲ್ಲಿ ಎರಡೂ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ. ಯೋಜನೆಗಳ ಮೊತ್ತ, ಆದಾಯ ಮಿತಿ, ಕೊನೇ ದಿನಾಂಕ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಸುತ್ತೋಲೆ ಒಮ್ಮೆ ನೋಡಿಕೊಳ್ಳಿ.

## ಮೊದಮೊದಲ ಪ್ರಶ್ನೆಗಳು

"ಎಲ್ಲರ ಮನೇಲೂ ಕಷ್ಟ ಇರುತ್ತೆ ಮೇಡಂ. ನಂದು ಹೇಳ್ಕೊಳ್ಳೋ ಅಷ್ಟು ದೊಡ್ಡ ಕಷ್ಟನಾ?"

ಬೇರೆಯವರ ಕಷ್ಟದ ಪಕ್ಕ ಇಟ್ಟು ಅಳೆಯಬೇಡಿ. ದುಡ್ಡಿಲ್ಲ ಅಂತ ಓದಿಗೋ ಮೈಗೋ ಬೇಕಾದ್ದನ್ನು ಬಿಡುತ್ತಿದ್ದೀರಾ, ಅಷ್ಟು ನೋಡಿ. ತಿಂಡಿ ತಿನ್ನದೆ ಬಂದು ಹನ್ನೊಂದು ಗಂಟೆಗೆ ಲ್ಯಾಬಲ್ಲಿ ತಲೆ ಸುತ್ತುವುದು. ರೆಕಾರ್ಡ್ ಬುಕ್ ತಗೊಂಡಿಲ್ಲ ಅಂತ ಪ್ರಾಕ್ಟಿಕಲ್‌ಗೇ ಬರದಿರುವುದು. ಕನ್ನಡಕ ಒಡೆದು ತಿಂಗಳಾದರೂ ಮುಂದಿನ ಬೆಂಚಲ್ಲಿ ಕೂತು ಕಾಲ ತಳ್ಳುವುದು. ಎಕ್ಸಾಂ ಫೀಸ್ ನೋಟಿಸ್ ಬಂದ ವಾರ ನಿದ್ದೆ ಬರದಿರುವುದು. ಇಷ್ಟರಲ್ಲಿ ಒಂದಿದ್ದರೂ ಸಾಕು, ಬಂದು ಹೇಳಿ. ನಿಮಗಿಂತ ಕಷ್ಟದಲ್ಲಿರುವವರು ಇದ್ದೇ ಇರುತ್ತಾರೆ. ನೀವು ಸುಮ್ಮನಿದ್ದರೆ ಅವರ ಕಷ್ಟವೇನೂ ಕಡಿಮೆ ಆಗುವುದಿಲ್ಲ.

"ಮೈಸೂರಲ್ಲಿ ರೂಮ್ ಮಾಡ್ಕೊಂಡು ಓದೋಕೆ ಎಷ್ಟು ಬೇಕಾಗುತ್ತೆ?"

ಬಾಡಿಗೆ, ಊಟ, ಓಡಾಟ ಈ ಮೂರನ್ನು ಎಲ್ಲರೂ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಕೈ ಕಚ್ಚುವುದು ಲೆಕ್ಕಕ್ಕೆ ಬಾರದ ಖರ್ಚು. ಮೊದಲ ತಿಂಗಳಲ್ಲಿ ಅಡ್ವಾನ್ಸ್, ಹಾಸಿಗೆ, ಬಕೆಟ್. ಆಮೇಲೆ ಜೆರಾಕ್ಸ್, ರೆಕಾರ್ಡ್, ಪ್ರಾಜೆಕ್ಟ್ ಬೈಂಡಿಂಗ್, ಎಕ್ಸಾಂ ಫೀಸ್. ಇದರ ಜೊತೆಗೆ ಎಥ್ನಿಕ್ ಡೇ ಅಂತ ಒಂದು. ಅವತ್ತಿಗೆ ಸೀರೆ, ಪಂಚೆ ಹೊಂದಿಸಲಾಗದೆ ರಜಾ ಹಾಕುವ ಮಕ್ಕಳಿದ್ದಾರೆ. ವರ್ಷದ ಈ ಚಿಲ್ಲರೆ ಖರ್ಚನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಹತ್ತರಿಂದ ಭಾಗಿಸಿ, ಕಾಲೇಜು ನಡೆಯುವುದು ಹೆಚ್ಚೂಕಡಿಮೆ ಹತ್ತು ತಿಂಗಳು. ಆ ಮೊತ್ತವನ್ನು ತಿಂಗಳ ಖರ್ಚಿಗೆ ಸೇರಿಸಿದರೆ ನಿಜವಾದ ಲೆಕ್ಕ ಸಿಗುತ್ತದೆ.

ಗಂಗೋತ್ರಿ ಸುತ್ತಮುತ್ತ, ಸರಸ್ವತಿಪುರಂ ಕಡೆ ಬಾಡಿಗೆ ಜಾಸ್ತಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್ ಅಷ್ಟೇ. ರೈಲಿನ ತಿಂಗಳ ಪಾಸ್ ಮಾಡಿಸಿಕೊಂಡು ಓಡಾಡುವವರು ತುಂಬಾ ಜನ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ. ಹುಡುಗರಿಗೆ ರಿಯಾಯಿತಿ ಪಾಸ್ ಇದೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಆದರೆ ದಿನಕ್ಕೆ ಮೂರು ಗಂಟೆ ದಾರಿಯಲ್ಲೇ ಹೋದರೆ ಅದೂ ಒಂದು ಖರ್ಚೇ. ಮೊದಲ ಸೆಮಿಸ್ಟರ್ ಓಡಾಡಿ ನೋಡಿ, ಆಗದಿದ್ದರೆ ರೂಮಿನ ಯೋಚನೆ ಮಾಡಿ.

"ಕಬ್ಬು ಕಡಿದು ಮೂರು ತಿಂಗಳಾಯ್ತು, ಫ್ಯಾಕ್ಟರಿ ಬಿಲ್ ಬಂದಿಲ್ಲ. ಅಪ್ಪನ್ನ ಹೆಂಗೆ ದುಡ್ಡು ಕೇಳ್ಲಿ?"

ಮಂಡ್ಯ ಕಡೆಯ ಮಕ್ಕಳ ಕಷ್ಟ ಬಹುಪಾಲು ಈ ಒಂದು ಪ್ರಶ್ನೆಯಲ್ಲೇ ಇದೆ. ಮನೆಯಲ್ಲಿ ದುಡ್ಡೇ ಇಲ್ಲ ಅಂತಲ್ಲ. ಬೇಕಾದ ಹೊತ್ತಿಗೆ ಇಲ್ಲ. ಕಬ್ಬು ಕಟಾವಿಗೆ ಬರಲು ಹೆಚ್ಚೂಕಡಿಮೆ ಒಂದು ವರ್ಷ ಬೇಕು. ಫೀಸು ಮಾತ್ರ ಅಡ್ಮಿಷನ್ ದಿನವೇ ಕಟ್ಟಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ರೈತನಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು. ಕಾಗದದಲ್ಲಿ ಹಾಗಿದೆ. ಬಾಕಿ ಬಿಲ್ಲಿಗಾಗಿ ರೈತರು ಧರಣಿ ಕೂರುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ.

ಕಬ್ಬು ಬೆಳೆಗಾರರ ಮೇಲೇ ನಡೆದ ಒಂದು ಅಧ್ಯಯನ ಇದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು, ತಮಿಳುನಾಡಿನ ರೈತರದು. ಅದೇ ರೈತರಿಗೆ ಕಟಾವಿನ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಕೊಟ್ಟರು. ದುಡ್ಡು ಕೈಯಲ್ಲಿಲ್ಲದ ಕಾಲದಲ್ಲಿ ಅದೇ ಜನ ಕಡಿಮೆ ಅಂಕ ತೆಗೆದರು. ಫೀಸಿನ ವಾರದಲ್ಲಿ ಓದಿದ್ದು ತಲೆಗೆ ಹತ್ತುತ್ತಿಲ್ಲ ಅಂದರೆ ನೀವು ದಡ್ಡರಾಗಿದ್ದೀರಿ ಅಂತಲ್ಲ, ತಲೆಯ ಒಂದು ಭಾಗ ಲೆಕ್ಕ ಹಾಕುತ್ತಾ ಕೂತಿದೆ ಅಂತ.

ಅಪ್ಪನ ಹತ್ತಿರ ಕೇಳುವ ರೀತಿ ಬದಲಾಯಿಸಿ. ಕೊನೇ ದಿನದ ಹಿಂದಿನ ರಾತ್ರಿ "ನಾಳೆ ದುಡ್ಡು ಬೇಕು" ಅಂದರೆ ಅಮ್ಮನ ಓಲೆ ಅಡಕ್ಕೆ ಹೋಗುತ್ತದೆ. ವರ್ಷದ ಶುರುವಿನಲ್ಲೇ ಕೂತು, "ಅಪ್ಪಾ, ಆಗಸ್ಟಲ್ಲಿ ಇಷ್ಟು, ಎಕ್ಸಾಂ ಟೈಮಲ್ಲಿ ಇಷ್ಟು ಬೇಕಾಗುತ್ತೆ, ಯಾವುದಕ್ಕೆ ಯಾವ ದುಡ್ಡು ಆಗುತ್ತೆ?" ಅಂತ ಕೇಳಿ. ಹಸು ಇರುವ ಮನೆಯಲ್ಲಿ ಡೈರಿ ಬಟವಾಡೆ ತಪ್ಪದೆ ಬರುತ್ತದೆ. ಬಸ್ಸು, ಊಟದ ಖರ್ಚನ್ನು ಅದಕ್ಕೆ ಕಟ್ಟಿ. ದೊಡ್ಡ ಫೀಸು ಕಬ್ಬಿನ ಬಿಲ್ಲಿಗಿರಲಿ. ಬಿಲ್ ಬರುವ ತನಕ ಕಾಲೇಜಿನ ಹತ್ತಿರ ಟೈಮ್ ತಗೊಳ್ಳಿ.

"ಫೀಸಿಗೆ ಟೈಮ್ ಕೇಳಿದ್ರೆ ಕಾಲೇಜಲ್ಲಿ ಕೊಡ್ತಾರಾ? ಲೆಟರಲ್ಲಿ ಏನಂತ ಬರೀಬೇಕು?"

ಕೊನೇ ದಿನಾಂಕಕ್ಕಿಂತ ಮುಂಚೆ ಕೇಳಿದವರಿಗೆ ಕೊಡುವುದು ಸುಲಭ, ದಾಟಿದ ಮೇಲೆ ಕಷ್ಟ. ಆಫೀಸಿನವರಿಗೆ ನಿಮ್ಮ ಕಷ್ಟದ ಕಥೆಗಿಂತ ತಾರೀಖು ಮುಖ್ಯ. ಅಳುವ ಅಗತ್ಯ ಇಲ್ಲ, ಹೀಗೆ ಬರೆದರೆ ಸಾಕು:

"ಮಾನ್ಯರೇ, ನಾನು ಎರಡನೇ ವರ್ಷದ ಬಿ.ಕಾಂ. ವಿದ್ಯಾರ್ಥಿನಿ. ನಮ್ಮ ತಂದೆ ಕಬ್ಬು ಬೆಳೆಗಾರರು, ಕಾರ್ಖಾನೆಯಿಂದ ಹಣ ಬರುವುದು ತಡವಾಗಿದೆ. ಈ ವರ್ಷದ ಶುಲ್ಕದಲ್ಲಿ 3,000 ರೂಪಾಯಿ ಇಂದೇ ಕಟ್ಟುತ್ತೇನೆ. ಉಳಿದದ್ದನ್ನು ಎರಡು ಕಂತಿನಲ್ಲಿ, ಅಕ್ಟೋಬರ್ 10 ಮತ್ತು ಡಿಸೆಂಬರ್ 10ರೊಳಗೆ ಕಟ್ಟಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಕಬ್ಬು ಸರಬರಾಜಿನ ಚೀಟಿಯ ಪ್ರತಿ ಲಗತ್ತಿಸಿದ್ದೇನೆ."

ಇವತ್ತು ಸ್ವಲ್ಪವಾದರೂ ಕಟ್ಟುತ್ತೇನೆ ಅನ್ನುವ ಸಾಲು ತುಂಬಾ ಕೆಲಸ ಮಾಡುತ್ತದೆ. ಪ್ರಿನ್ಸಿಪಾಲರ ಸಹಿಯಾದ ಮೇಲೆ ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಫೀಸಿನಲ್ಲಿ ಕ್ಲರ್ಕ್ ಬದಲಾದರೆ ಬಾಯಿಮಾತು ಯಾರಿಗೂ ನೆನಪಿರುವುದಿಲ್ಲ.

## ದುಡ್ಡು ಬರುವ ದಾರಿಗಳು

"ಎಸ್‌ಎಸ್‌ಪಿಲಿ ಅರ್ಜಿ ಹಾಕಿ ಎಷ್ಟು ತಿಂಗಳಾಯ್ತು, ಫ್ರೆಂಡ್‌ಗೆ ಬಂತು, ನಂಗೆ ಬಂದಿಲ್ಲ. ಯಾಕೆ?"

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವ ಜಾಗಗಳು ನಾಲ್ಕೈದೇ.

ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ. ಆಧಾರ್ ತಿದ್ದಿಸುವುದು ಅಂಕಪಟ್ಟಿ ತಿದ್ದಿಸುವುದಕ್ಕಿಂತ ಸಲೀಸು.

ಎರಡನೆಯದು ಜಾತಿ, ಆದಾಯ ಪ್ರಮಾಣಪತ್ರ. ಪೋರ್ಟಲ್ ಕೇಳುವುದು ಅದರ ಮೇಲಿರುವ ಆರ್‌ಡಿ ನಂಬರ್. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಪಿಯುಸಿ ಸೇರುವಾಗ ಮಾಡಿಸಿದ್ದು ಡಿಗ್ರಿ ಮುಗಿಯುವುದರೊಳಗೆ ಮುಗಿದುಹೋಗಬಹುದು. ಅರ್ಜಿ ಕರೆಯುವ ಹೊತ್ತಿಗೆ ನಾಡಕಚೇರಿಯಲ್ಲಿ ರಶ್ ಇರುತ್ತದೆ, ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ.

ಮೂರನೆಯದು ಕಾಲೇಜಿನ ಇ-ದೃಢೀಕರಣ. ನೀವು ಅರ್ಜಿ ಸಬ್‌ಮಿಟ್ ಮಾಡಿದರೂ ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ಒಪ್ಪದೆ ಅದು ಮುಂದೆ ಹೋಗುವುದಿಲ್ಲ. ಕೊಟ್ಟ ಮಾರನೇ ವಾರ ಹೋಗಿ ಕೇಳಿ. ನಾಚಿಕೆ ಬೇಡ, ನೂರಾರು ಅರ್ಜಿ ಒಬ್ಬರೇ ನೋಡುತ್ತಿರುತ್ತಾರೆ.

ನಾಲ್ಕನೆಯದು ಬ್ಯಾಂಕ್ ಖಾತೆ, ಜನ ಜಾಸ್ತಿ ಎಡವುವುದು ಇಲ್ಲೇ. ದುಡ್ಡು ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಖಾತೆ ಇದ್ದರೆ ಯಾವುದು ಕೊನೆಗೆ ಜೋಡಣೆ ಆಯಿತೋ ಅದಕ್ಕೆ. ಸಿಮ್ ತಗೊಳ್ಳುವಾಗ ಅಂಗಡಿಯವರು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಸ್ಕಾಲರ್‌ಶಿಪ್ ಬಂದು ಕೂತಿರುತ್ತದೆ, ಹುಡುಗ ಬಂದಿಲ್ಲ ಅಂತ ಅಲೆಯುತ್ತಿರುತ್ತಾನೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗೆ ಆಗಿದೆ ನೋಡಿ" ಅಂತ ಕೇಳಿ. 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲೂ ಯಾವ ಯೋಜನೆಯ ದುಡ್ಡು ಯಾವ ಖಾತೆಗೆ ಹೋಯಿತು ಅನ್ನುವುದು ಕಾಣುತ್ತದೆ.

ಇಷ್ಟೂ ಸರಿ ಇದ್ದರೆ ಅನುದಾನ ಬಿಡುಗಡೆಯಾಗಿಲ್ಲ ಅಂತ ಅರ್ಥ. ಆಗ ನಿಮಗೆ ಸ್ಕಾಲರ್‌ಶಿಪ್ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಇನ್ನೊಂದು ಮಾತು. ಈ ದುಡ್ಡನ್ನು ನಂಬಿ ಆ ವರ್ಷದ ಬಾಡಿಗೆ ಲೆಕ್ಕ ಹಾಕಬೇಡಿ. ಬಂದಾಗ ಮುಂದಿನ ವರ್ಷಕ್ಕೆ ಆಗುತ್ತದೆ.

"ಬಿಸಿಎಂ ಹಾಸ್ಟೆಲಲ್ಲಿ ಸೀಟ್ ಸಿಗ್ಲಿಲ್ಲ. ಈಗೇನು ಮಾಡ್ಲಿ?"

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುವ ಲೆಕ್ಕದಲ್ಲಿ ಶುರುವಾದ ಯೋಜನೆ. ಎಸ್‌ಎಸ್‌ಪಿಯಲ್ಲೇ ಅರ್ಜಿ. ಸೀಟ್ ಪಟ್ಟಿಯಲ್ಲಿ ಹೆಸರಿಲ್ಲ ಅಂದ ತಕ್ಷಣ ಕೈಬಿಡಬೇಡಿ. ಸೇರದವರ ಸೀಟುಗಳು ಖಾಲಿಯಾಗಿ ಎರಡನೇ ಪಟ್ಟಿ ಬರುವುದುಂಟು, ವಾರ್ಡನ್ ಹತ್ತಿರ ಆಗಾಗ ವಿಚಾರಿಸುತ್ತಿರಿ.

ಮಠಗಳ, ಸಮುದಾಯಗಳ ಹಾಸ್ಟೆಲ್‌ಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಈ ಊರಿಗೆ ಇದು ಹಳೇ ಅಭ್ಯಾಸ. ವಾರಾನ್ನದಲ್ಲಿ, ಅಂದರೆ ದಿನಕ್ಕೊಂದು ಮನೆಯಲ್ಲಿ ಉಂಡು, ಓದಿ ದೊಡ್ಡವರಾದವರು ಹಿಂದಿನ ತಲೆಮಾರಿನಲ್ಲಿ ಎಷ್ಟೋ ಜನ. ತಾತಯ್ಯ ಅಂತ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಬಡ ಹುಡುಗರಿಗಾಗಿ ಇಲ್ಲೇ ಅನಾಥಾಲಯ ಕಟ್ಟಿದರು. ಆಗ ಕೇಳಿ ಉಣ್ಣುವುದು ಅವಮಾನ ಆಗಿರಲಿಲ್ಲ. ಈಗ ಯಾಕೆ ಆಗಬೇಕು?

"ನಾವು ಜನರಲ್ ಕೆಟಗರಿ. ನಮಗೆ ಏನೂ ಇಲ್ವಾ?"

ಇದೆ. ಅಪ್ಪ, ಅಮ್ಮ ಏನು ಕೆಲಸ ಮಾಡುತ್ತಾರೆ ಅನ್ನುವುದರಿಂದ ಹುಡುಕಿ. ಜಮೀನಿದ್ದರೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ. ಡಿಗ್ರಿ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿಯಂತೆ ನಿಗದಿಯಾಗಿತ್ತು. ಇದಕ್ಕೆ ಮನೆಯವರ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಆಗಿರಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಗಾರೆ ಕೆಲಸ, ಪೇಂಟಿಂಗ್ ಮಾಡುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ ಅವರ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ. ಗಾರ್ಮೆಂಟ್ಸ್, ಫ್ಯಾಕ್ಟರಿಗಳಲ್ಲಿ ದುಡಿಯುವವರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯದು ಬೇರೆ.

ಪಿಯುಸಿಯಲ್ಲಿ ಒಳ್ಳೇ ಅಂಕ ಬಂದವರಿಗೆ ಕೇಂದ್ರದ ಸ್ಕಾಲರ್‌ಶಿಪ್ ಇದೆ. ಡಿಗ್ರಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಮನೆಯ ಆದಾಯ 4.5 ಲಕ್ಷದೊಳಗಿರಬೇಕು. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಲ್ಲಿ ಓದಿ ಬಂದ ಹುಡುಗಿಯರು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ವಿದ್ಯಾರ್ಥಿವೇತನವನ್ನು ತಪ್ಪದೆ ನೋಡಬೇಕು. ಅದು ವರ್ಷಕ್ಕೆ 30,000 ರೂಪಾಯಿ.

"ಬೆಳಗ್ಗೆ ತಿಂಡಿ ಬಿಟ್ಟು ಉಳಿಸ್ತಾ ಇದೀನಿ. ಅಭ್ಯಾಸ ಆಗೋಗಿದೆ, ತೊಂದ್ರೆ ಇಲ್ಲ ಅಲ್ವಾ?"

ತೊಂದರೆ ಇದೆ. ಉಳಿಸುವುದಾದರೆ ಮೊಬೈಲ್ ಡೇಟಾ ಪ್ಯಾಕಿನಲ್ಲಿ ಉಳಿಸಿ, ಹೊಟ್ಟೆಯಲ್ಲಿ ಬೇಡ. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಲ್ಲಿ ಕ್ಯೂ ನಿಲ್ಲುವವರಲ್ಲಿ ಕಾಲೇಜು ಬ್ಯಾಗ್ ಹಾಕಿಕೊಂಡವರೂ ಇರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ರೂಮಲ್ಲಿ ಮೂರು ಜನ ಇದ್ದರೆ ಊರಿಂದ ರಾಗಿಹಿಟ್ಟು, ಅಕ್ಕಿ, ಹುರುಳಿಕಾಳು ತಂದು ಒಟ್ಟಿಗೆ ಬೇಯಿಸಿಕೊಳ್ಳಿ. ಮುದ್ದೆ, ಕಾಳು ಸಾರಿಗಿಂತ ಅಗ್ಗದ ಗಟ್ಟಿ ಊಟ ಮೈಸೂರಲ್ಲಿ ಯಾವ ಮೆಸ್ಸಿನಲ್ಲೂ ಸಿಗುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಯಾವಾಗಲೂ ಸುಸ್ತು ಅನ್ನುವ ಹುಡುಗಿಯರು ಒಂದು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

"ಕ್ಯಾಟರಿಂಗ್‌ಗೆ ಹೋಗ್ತೀನಿ, ಡೆಲಿವರಿನೂ ಮಾಡ್ತೀನಿ. ಓದು ಹಾಳಾಗುತ್ತಾ?"

ಕೆಲಸದಿಂದ ಓದು ಹಾಳಾಗುವುದಕ್ಕಿಂತ ನಿದ್ದೆ ಕೆಟ್ಟು ಹಾಳಾಗುವುದು ಜಾಸ್ತಿ. ಛತ್ರದಲ್ಲಿ ಬಡಿಸುವ ಕೆಲಸ ರಾತ್ರಿ ರಿಸೆಪ್ಷನ್ನಿಗೆ ಶುರುವಾಗಿ ಮಾರನೇ ದಿನ ಮುಹೂರ್ತದ ಊಟಕ್ಕೆ ಮುಗಿಯುತ್ತದೆ. ಭಾನುವಾರ ರಾತ್ರಿ ರಿಸೆಪ್ಷನ್ ಆದರೆ ಸೋಮವಾರದ ಕ್ಲಾಸು ಹೋಯಿತು ಅಂತಲೇ ಲೆಕ್ಕ. ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಸ್ಕಾಲರ್‌ಶಿಪ್ಪಿಗೂ ಕುತ್ತು. ಶನಿವಾರ ರಾತ್ರಿಯದಕ್ಕೆ ಹೋಗಿ, ಭಾನುವಾರ ಸಂಜೆಯದು ಬಿಡಿ.

ಡೆಲಿವರಿಗೆ ಹೋಗುವವರು ಪೆಟ್ರೋಲ್, ಗಾಡಿ ಸರ್ವಿಸ್ ಕಳೆದು ಎಷ್ಟು ಉಳಿಯಿತು ಅಂತ ಒಂದು ವಾರ ಬರೆದು ನೋಡಿ. ಡಿಎಲ್, ಇನ್ಶೂರೆನ್ಸ್ ಇಲ್ಲದೆ ಗಾಡಿ ಹತ್ತಲೇಬೇಡಿ. ನನ್ನನ್ನು ಕೇಳಿದರೆ ಹೈಸ್ಕೂಲ್ ಮಕ್ಕಳಿಗೆ ಮನೆಪಾಠ ಹೇಳುವುದು ಒಳ್ಳೇದು. ಗಂಟೆ ಕಡಿಮೆ, ನಿಮ್ಮ ಗಣಿತವೂ ಗಟ್ಟಿಯಾಗುತ್ತದೆ.

## ಸಾಲದ ಪ್ರಶ್ನೆಗಳು

"ಅಮ್ಮ ಸಂಘದಲ್ಲಿ ಸಾಲ ತೆಗೆದು ನನ್ನ ಫೀಸ್ ಕಟ್ಟಿದ್ರು. ಈಗ ವಾರದ ಕಂತಿಗೆ ಮನೆ ಮುಂದೆ ಬಂದು ಕೂರ್ತಾರೆ."

ಸಾಲ ತೀರಿಸಬೇಕು, ಅದು ಸರಿ. ಆದರೆ ಬಾಗಿಲಲ್ಲಿ ಕೂತು ಬೈಯುವುದಕ್ಕೆ, ಪಾತ್ರೆ ಹೊರಗೆ ಹಾಕುವುದಕ್ಕೆ, ಹೆದರಿಸುವುದಕ್ಕೆ ಯಾರಿಗೂ ಹಕ್ಕಿಲ್ಲ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸರು ದೂರು ತಗೊಳ್ಳಲೇಬೇಕು. ಠಾಣೆಗೆ ಅಮ್ಮನನ್ನು ಒಬ್ಬರೇ ಕಳಿಸಬೇಡಿ, ಪಾಸ್‌ಬುಕ್, ಕಂತಿನ ಕಾರ್ಡ್ ತಗೊಂಡು ಜೊತೆಗೆ ಹೋಗಿ.

ನಿಮ್ಮಿಂದಲೇ ಇದೆಲ್ಲ ಆಯಿತು ಅನ್ನಿಸುತ್ತಿದ್ದರೆ ಆ ಮಾತನ್ನು ಅಮ್ಮನ ಹತ್ತಿರವೇ ಆಡಿ. ಬಹಳಷ್ಟು ಮನೆಗಳಲ್ಲಿ ಆ ಸಾಲ ಬರೀ ಫೀಸಿಗಲ್ಲ, ಬೋರ್‌ವೆಲ್ಲಿಗೆ, ಅಕ್ಕನ ಮದುವೆಗೆ, ಹಳೇ ಸಾಲಕ್ಕೆ ಎಲ್ಲಕ್ಕೂ ಸೇರಿ ತೆಗೆದದ್ದಾಗಿರುತ್ತದೆ.

"ಆ್ಯಪ್‌ನಲ್ಲಿ ಐದು ಸಾವಿರ ತಗೊಂಡೆ. ಈಗ ಕಾಂಟ್ಯಾಕ್ಟಲ್ಲಿರೋರಿಗೆಲ್ಲ ಫೋಟೋ ಕಳಿಸ್ತೀವಿ ಅಂತಾರೆ."

ಇದನ್ನು ಕೇಳುವವರ ಮುಖ ನೋಡಿದರೆ ಎಷ್ಟೋ ದಿನದಿಂದ ಯಾರಿಗೂ ಹೇಳಿಲ್ಲ ಅಂತ ಗೊತ್ತಾಗುತ್ತದೆ. ಮೊದಲ ಕೆಲಸ, ಮನೆಯವರಿಗೆ ಅಥವಾ ನಂಬುವ ಒಬ್ಬರಿಗೆ ಇವತ್ತೇ ಹೇಳುವುದು. ಆ ಜನರ ಕೈಯಲ್ಲಿರುವ ಒಂದೇ ಆಯುಧ ನಿಮ್ಮ ಗುಟ್ಟು. ನೀವೇ ಹೇಳಿಬಿಟ್ಟರೆ ಅವರ ಬೆದರಿಕೆಗೆ ಬೆಲೆ ಇರುವುದಿಲ್ಲ.

ಆಮೇಲೆ ಮೆಸೇಜ್, ಕಾಲ್ ನಂಬರ್, ದುಡ್ಡು ಕಟ್ಟಿದ ವಿವರ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಹತ್ತಿರದ ಸೈಬರ್ ಠಾಣೆಗೂ ದೂರು ಕೊಡಿ. 2022ರ ಸೆಪ್ಟೆಂಬರ್‌ನಲ್ಲಿ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಗ್ಯಾಲರಿ, ಕಾಲ್ ಪಟ್ಟಿ ಮುಟ್ಟುವ ಹಾಗಿಲ್ಲ. ವಸೂಲಿಯವರು ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಕರೆ ಮಾಡುವ ಹಾಗಿಲ್ಲ. ಇವೆಲ್ಲ ಮುರಿಯುವ ಆ್ಯಪ್‌ನ ಹಿಂದೆ ಲೈಸೆನ್ಸ್ ಇರುವ ಸಂಸ್ಥೆಯೇ ಇರುವುದಿಲ್ಲ, ಬಹಳ ಸಲ. ಒಂದು ಆ್ಯಪ್ ಸಾಲ ತೀರಿಸಲು ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಡಿ. ಐದು ಸಾವಿರ ಐವತ್ತಾಗುವುದು ಹಾಗೆಯೇ.

ಗೇಮಿನಲ್ಲಿ ಕಳೆದದ್ದನ್ನು ಗೇಮಿನಲ್ಲೇ ತೆಗೆಯೋಣ ಅಂತ ಹೀಗೆ ಸಾಲ ಮಾಡಿದವರೂ ಇದ್ದಾರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಈಗಲೂ ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್ ಇದ್ದರೆ ಅದು ಕಳ್ಳದಾರಿಯದೇ.

"ನನ್ನ ಬ್ಯಾಂಕ್ ಅಕೌಂಟ್, ಎಟಿಎಂ ಕಾರ್ಡ್ ಕೊಟ್ರೆ ತಿಂಗಳಿಗೆ ದುಡ್ಡು ಕೊಡ್ತಾರಂತೆ. ಕೊಡ್ಬಹುದಾ?"

ಬೇಡ. ಮೋಸದ ದುಡ್ಡು ದಾಟಿಸಲು ಅವರಿಗೆ ಬೇರೆಯವರ ಖಾತೆ ಬೇಕು. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ, ಬರವಣಿಗೆಯಲ್ಲಿ ತಿಳಿಸಿ, 1930ಕ್ಕೂ ಹೇಳಿ.

"ಬ್ಯಾಂಕಲ್ಲಿ ಶಿಕ್ಷಣ ಸಾಲ ಕೇಳಿದ್ರೆ ಜಮೀನು ಪತ್ರ ತನ್ನಿ ಅಂತಾರೆ. ಇಲ್ಲಾಂದ್ರೆ ಕೊಡಲ್ವಾ?"

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ. ಅಪ್ಪನೋ ಅಮ್ಮನೋ ಜಂಟಿಯಾಗಿ ಸಹಿ ಹಾಕಬೇಕು, ಅಷ್ಟೇ. "ನಿಮ್ಮೂರು ನಮ್ಮ ಬ್ರಾಂಚ್ ವ್ಯಾಪ್ತಿಗೆ ಬರಲ್ಲ" ಅಂತ ವಾಪಸ್ ಕಳಿಸುವುದನ್ನೂ ರಿಸರ್ವ್ ಬ್ಯಾಂಕ್ ಒಪ್ಪುವುದಿಲ್ಲ. ಕೌಂಟರಿನಲ್ಲಿ ವಾದ ಮಾಡುವುದಕ್ಕಿಂತ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದಕ್ಕೆ ದಾಖಲೆ ಉಳಿಯುತ್ತದೆ. ಕೊಡುವುದಿಲ್ಲ ಅಂದರೆ ಕಾರಣ ಬರೆದು ಕೊಡಿ ಅಂತ ಕೇಳಿ. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕ ಅಲ್ಪಸಂಖ್ಯಾತ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ, ಬಡ್ಡಿ ಬ್ಯಾಂಕಿಗಿಂತ ತುಂಬಾ ಕಡಿಮೆ.

ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಅಷ್ಟೂ ಕಾಲ ಬಡ್ಡಿ ಬೆಳೆಯುತ್ತಿರುತ್ತದೆ. ಸಾದಾ ಬಿ.ಎ., ಬಿ.ಕಾಂ.ಗೆ ಸರ್ಕಾರಿ ಕಾಲೇಜು ಇರುವಾಗ ದೊಡ್ಡ ಸಾಲ ಮಾಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ನರ್ಸಿಂಗ್, ಎಂಜಿನಿಯರಿಂಗ್ ಆದರೆ ಆ ಕಾಲೇಜಲ್ಲಿ ಹೋದ ವರ್ಷ ಓದಿ ಮುಗಿಸಿದವರನ್ನು ಹುಡುಕಿ, ಈಗ ಎಷ್ಟು ಸಂಬಳ ಅಂತ ಕೇಳಿ. ಕಾಲೇಜಿನ ಬ್ರೋಷರ್ ನಂಬಬೇಡಿ.

## ಮನಸ್ಸಿನ ಪ್ರಶ್ನೆಗಳು

"ಫ್ರೆಂಡ್ಸ್ ಎಲ್ಲ ಚಾಟ್ಸ್ ತಿನ್ನೋಕೆ, ಸಿನಿಮಾಗೆ ಹೋಗ್ತಾರೆ. ಪ್ರತಿ ಸಲ ಏನಂತ ಸುಳ್ಳು ಹೇಳ್ಲಿ?"

"ಈ ತಿಂಗಳು ಟೈಟು, ನಾ ಬರಲ್ಲ, ಬಂದ್ಮೇಲೆ ಕಥೆ ಹೇಳಿ." ಒಂದು ಸಲ ಹೀಗೆ ಸುಮ್ನೆ ಹೇಳಿ ನೋಡಿ. ತಲೆನೋವು, ಹೊಟ್ಟೆನೋವು ಅಂತ ಹತ್ತು ಸಲ ಹೇಳಿದರೆ ಸೊಕ್ಕು ಅಂದುಕೊಂಡು ಕರೆಯುವುದನ್ನೇ ಬಿಡುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವುದಕ್ಕೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದಕ್ಕೆ ನೀವೇ ಕರೆಯಿರಿ. ಹಾಗೆ ಹೇಳಿದ್ದಕ್ಕೆ ಬಿಟ್ಟು ಹೋದವರು ಇದ್ದರೆ, ಹೋಗಲಿ.

"ಪ್ರಾಬ್ಲಮ್ ಇರೋದು ದುಡ್ಡಿಂದು. ಕೌನ್ಸೆಲಿಂಗ್ ಮಾಡಿದ್ರೆ ದುಡ್ಡು ಬರುತ್ತಾ?"

ಬರುವುದಿಲ್ಲ. ಈ ಪ್ರಶ್ನೆಯಲ್ಲಿರುವ ಸಿಟ್ಟು ನ್ಯಾಯವೇ. ಫೀಸಿಗೆ ದಾರಿ ತೋರಿಸದೆ "ಪಾಸಿಟಿವ್ ಆಗಿರಿ" ಅಂತ ಭಾಷಣ ಮಾಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಎರಡು ವಾರಕ್ಕಿಂತ ಜಾಸ್ತಿ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮೊದಲು ಇಷ್ಟವಿದ್ದದ್ದು ಯಾವುದೂ ಬೇಡ ಅನ್ನಿಸುತ್ತಿದೆ ಅಂದರೆ ಅದು ದುಡ್ಡಿನ ಚಿಂತೆಯನ್ನು ದಾಟಿದೆ. ಆ ಸ್ಥಿತಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬುವುದಕ್ಕೂ ಕೈ ಏಳುವುದಿಲ್ಲ.

14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಎದುರಿಗೆ ಕೂತು ಮಾತಾಡಬೇಕು ಅನ್ನಿಸಿದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ಎರಡರಲ್ಲೂ ಮನೋರೋಗ ವಿಭಾಗ ಇದೆ. ಒಪಿಡಿ ಚೀಟಿ ಮಾಡಿಸಿ ನೇರ ಹೋಗಬಹುದು, ಯಾರ ಶಿಫಾರಸೂ ಬೇಡ.

"ನನ್ನ ರೂಮ್‌ಮೇಟ್ 'ನಾನಿದ್ರೆ ಮನೆಯವರಿಗೆ ಭಾರ' ಅಂತ ಪದೇ ಪದೇ ಹೇಳ್ತಾನೆ. ತಮಾಷೆಗಾ, ನಿಜವಾಗ್ಲೂನಾ?"

ನಿಜ ಅಂತಲೇ ತಗೊಳ್ಳಿ. "ಸಾಯುವ ಯೋಚನೆ ಬರ್ತಾ ಇದೆಯಾ?" ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಯೋಚನೆ ಹುಟ್ಟಿಸಿದ ಹಾಗಾಗುವುದಿಲ್ಲ, ಕೇಳಿದ್ದರಿಂದ ಬಹಳ ಜನಕ್ಕೆ ಎದೆ ಹಗುರ ಆಗುತ್ತದೆ. ಹೌದು ಅಂದರೆ ಬುದ್ಧಿ ಹೇಳಬೇಡಿ, "ಅಪ್ಪ ಅಮ್ಮನ ನೆನೆಸ್ಕೋ" ಅನ್ನಬೇಡಿ. ಆ ನೆನಪೇ ಅವನಿಗೆ ಭಾರವಾಗಿದೆ. ಒಬ್ಬನನ್ನೇ ಬಿಡಬೇಡಿ. ಜೊತೆಯಲ್ಲೇ ಕೂತು 14416ಕ್ಕೆ ಕರೆ ಮಾಡಿ, ಅಪಾಯ ಇವತ್ತೇ ಅನ್ನಿಸಿದರೆ 112ಕ್ಕೆ ಅಥವಾ ನೇರ ಆಸ್ಪತ್ರೆಗೆ. ಯಾರಿಗೂ ಹೇಳಬೇಡ ಅಂತ ಮಾತು ತಗೊಂಡಿದ್ದರೂ ಆ ಮಾತು ಮುರಿಯಿರಿ. ಅವನು ಊರಿಗೆ ಹೋಗುವುದಾದರೆ ಮನೆಯವರಿಗೆ ಮೊದಲೇ ಫೋನ್ ಮಾಡಿ, ಬೆಳೆಗೆ ಹೊಡೆಯುವ ಔಷಧಿಯನ್ನೆಲ್ಲ ಪಕ್ಕದ ಮನೆಯವರ ವಶಕ್ಕೆ ಕೊಡಲು ಹೇಳಿ. ಕೆಟ್ಟ ಗಳಿಗೆ ದಾಟುವ ತನಕ ಅದು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಈ ಪ್ರಶ್ನೆ ರೂಮ್‌ಮೇಟಿನದಲ್ಲ, ನಿಮ್ಮದೇ ಆಗಿದ್ದರೆ, ಮುಂದಿನದನ್ನು ಓದುವ ಮುಂಚೆ ಆ ನಂಬರಿಗೆ ಕರೆ ಮಾಡಿ.

## ದೊಡ್ಡ ತೀರ್ಮಾನಗಳು

"ಕಾಲೇಜು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗ್ಬಿಡ್ಲಾ?"

ಹೋಗಲೇಬೇಕಾದ ಮನೆಗಳಿವೆ. ಅಪ್ಪ ಹಾಸಿಗೆ ಹಿಡಿದಿದ್ದಾಗ ಓದು ಮುಗಿಸು ಅನ್ನುವುದು ಹೇಳುವವರಿಗೆ ಸುಲಭ. ಹೋಗುವುದಾದರೂ ದಾರಿ ಮುಚ್ಚಿಕೊಂಡು ಹೋಗಬೇಡಿ. ಬರೆದ ಪರೀಕ್ಷೆಗಳ ಅಂಕಪಟ್ಟಿ ತಗೊಳ್ಳಿ. ಮತ್ತೆ ಸೇರಲು ಎಷ್ಟು ವರ್ಷ ಅವಕಾಶ ಅಂತ ವಿಶ್ವವಿದ್ಯಾಲಯದಲ್ಲಿ ಕೇಳಿ ತಿಳಿದುಕೊಳ್ಳಿ. ದುಡಿಯುತ್ತಲೇ ಓದುವುದಕ್ಕೆ ಸಂಜೆ ಕಾಲೇಜು ಇದೆ, 1996ರಲ್ಲಿ ಮೈಸೂರಿನಲ್ಲೇ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ.

"ಬಾಕಿ ಕಟ್ಟದಿದ್ರೆ ಒರಿಜಿನಲ್ ಕೊಡಲ್ಲ" ಅಂತ ಕೆಲವು ಕಡೆ ಹೆದರಿಸುತ್ತಾರೆ. ಯುಜಿಸಿ 2018ರ ಅಧಿಸೂಚನೆಯ ಪ್ರಕಾರ ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ, ನೋಡಿ ವಾಪಸ್ ಕೊಡಬೇಕು. ಸೇರಿದ ಕೂಡಲೇ ಬಿಡುವವರಿಗೆ ಫೀಸೂ ವಾಪಸ್ ಇದೆ. ಅಡ್ಮಿಷನ್ನಿನ ಕೊನೇ ದಿನಾಂಕದ ನಂತರ 15 ದಿನದೊಳಗೆ ಬಿಟ್ಟರೆ ಶೇಕಡಾ 80, ಆಮೇಲೆ 30 ದಿನದವರೆಗೆ ಶೇಕಡಾ 50, ಅದು ದಾಟಿದರೆ ಏನೂ ಇಲ್ಲ. ಅದಕ್ಕೇ ಬಿಡುವ ಯೋಚನೆ ಇದ್ದರೆ ಹೇಳದೆ ಊರಿಗೆ ಹೋಗಿ ಕೂರಬೇಡಿ. ಬರೆದುಕೊಟ್ಟ ದಿನದಿಂದ ಲೆಕ್ಕ.

"ನಾನು ಉಪನ್ಯಾಸಕ. ಕ್ಲಾಸಲ್ಲಿ ಯಾರಿಗೆ ಕಷ್ಟ ಇದೆ ಅಂತ ಅವರನ್ನ ನೋಯಿಸದೆ ತಿಳ್ಕೊಳ್ಳೋದು ಹೇಗೆ?"

ಹಾಜರಿ ಪುಸ್ತಕ ನೋಡಿ. ಮದುವೆ ಸೀಸನ್ನಿನಲ್ಲಿ ಸೋಮವಾರ ಮಾತ್ರ ಗೈರು ಆಗುವ ಹುಡುಗ ಛತ್ರದಿಂದ ಬಂದು ಮಲಗಿರುತ್ತಾನೆ. ತಿಂಗಳ ಕೊನೇ ವಾರ ಬಾರದವರು, ಪ್ರಾಕ್ಟಿಕಲ್ ದಿನವೇ ತಪ್ಪಿಸುವವರು, ಊಟದ ಹೊತ್ತಲ್ಲಿ ಲೈಬ್ರರಿಯಲ್ಲಿ ಕಾಣುವವರು, ಇವರನ್ನು ಗಮನಿಸಿ. ಎಲ್ಲರ ಎದುರು ಕೇಳಬೇಡಿ. "ಆಫೀಸಲ್ಲಿ ಒಂದು ಫೈಲ್ ತರೋಕೆ ಬಾ" ಅಂತ ಕರೆದು, ದಾರಿಯಲ್ಲಿ ನಡೆಯುತ್ತಾ "ತಿಂಡಿ ಆಯ್ತಾ?" ಅಂತ ಶುರು ಮಾಡಿ. ಎದುರುಬದುರು ಕೂತರೆ ಬಾಯಿ ಬಿಡದ ಮಕ್ಕಳು ಪಕ್ಕದಲ್ಲಿ ನಡೆಯುವಾಗ ಮಾತಾಡುತ್ತಾರೆ.

ಕೆಲವನ್ನು ಇವತ್ತೇ ನಿಲ್ಲಿಸಬಹುದು. ಫೀಸ್ ಬಾಕಿ ಇರುವವರ ಹೆಸರನ್ನು ಕ್ಲಾಸಿನಲ್ಲಿ ಓದುವುದು, ಪಟ್ಟಿಯನ್ನು ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು, ಟ್ರಿಪ್ಪಿಗೆ ಬಾರದವರನ್ನು ಎದ್ದು ನಿಲ್ಲಿಸುವುದು. ಸ್ಕಾಲರ್‌ಶಿಪ್ಪಿನ ಮಾಹಿತಿಯನ್ನು "ಬಡ ಮಕ್ಕಳಿಗೆ" ಅಂತ ಬೇರೆ ಮಾಡದೆ ಮೊದಲ ವಾರದಲ್ಲೇ ಇಡೀ ಕ್ಲಾಸಿಗೆ ಹೇಳಿ. ಡಿಪಾರ್ಟ್‌ಮೆಂಟಿನಲ್ಲಿ ಒಂದು ಬೀರು ಖಾಲಿ ಮಾಡಿಸಿ, ಪಾಸಾಗಿ ಹೋಗುವವರ ಲ್ಯಾಬ್ ಕೋಟು, ಕ್ಯಾಲ್ಕುಲೇಟರ್, ಪುಸ್ತಕ, ಬರೆಯದೆ ಉಳಿದ ರೆಕಾರ್ಡ್ ಹಾಳೆ ಅದರಲ್ಲಿಡಿ. ಬೀಗ ಹಾಕಬೇಡಿ, ಯಾರು ಏನು ತಗೊಂಡರು ಅಂತ ರಿಜಿಸ್ಟರೂ ಇಡಬೇಡಿ.